ನಮ್ಮ ಮನಿಯವ್ರಿಗೂ ಒಂದೀಟು ಬಾರಿಸ್ರಿ

ಲಿಂಗಸುಗೂರಿನ ಬಸ್ ಸ್ಟ್ಯಾಂಡಿನ ಎದುರಿಗೆ ಒಂದು ಮೊಬೈಲ್ ರಿಪೇರಿ ಅಂಗಡಿಯಿದೆ. ಅಂಗಡಿ ಅನ್ನುವುದಕ್ಕಿಂತ ಎರಡು ದೊಡ್ಡ ಅಂಗಡಿಗಳ ನಡುವೆ ಉಳಿದುಹೋದ ಸಂದಿ ಅನ್ನಬೇಕು. ಮೊನ್ನೆ ಸಂಜೆ ನನ್ನ ಫೋನನ್ನು ತೋರಿಸಲು ಅಲ್ಲಿ ನಿಂತಿದ್ದೆ. ಅಂಗಡಿಯವನು ತಲೆ ತಗ್ಗಿಸಿ ಯಾರದೋ ಫೋನಿಗೆ ಬೆಸುಗೆ ಹಾಕುತ್ತಿದ್ದ. ಕಾದ ಕಡ್ಡಿಯನ್ನು ಅವನು ಡಬ್ಬಿಯೊಳಗಿನ ಹಳದಿ ಗಟ್ಟಿಯೊಂದಕ್ಕೆ ಮುಟ್ಟಿಸಿದಾಗಲೆಲ್ಲ ಸುಂಯ್ ಎಂದು ಒಂದೆಳೆ ಹೊಗೆ ಏಳುತ್ತಿತ್ತು. ನನಗೆ ಅರಿವಿಲ್ಲದೆಯೇ ನಾನು ಗಲ್ಲಾದ ಮೇಲೆ ಬಾಗಿ ಆ ಹೊಗೆಯನ್ನು ಎಳೆದುಕೊಳ್ಳುತ್ತಿದ್ದೆನಂತೆ.

"ಏನ್ರೀ ಟೀಚರಮ್ಮಾರ, ರಾಳದ ಹೊಗಿ ಅದು. ಎದಿಗೆ ಹತ್ತತೈತಿ, ಹಿಂದ ಸರೀರಿ" ಎಂದ.

ನಾನು ಹಿಂದೆ ಸರಿದೆ. ಈ ವಯಸ್ಸಿನಲ್ಲಿ ಬಸ್ ಸ್ಟ್ಯಾಂಡಿನ ಎದುರು ಹೊಗೆ ಕುಡಿಯುತ್ತ ನಿಂತ ನಿವೃತ್ತ ಶಿಕ್ಷಕಿ ಎಂದರೆ ನೋಡಿದವರು ಏನೆಂದುಕೊಂಡಾರು? ಆದರೆ ಮೂಗು ಯಾರ ಮಾತು ಕೇಳುತ್ತದೆ, ನೀವೇ ಹೇಳಿ. ರಾಳ ಎಂದರೆ ನಿಮಗೆ ಬೆಸುಗೆ ನೆನಪಾಗಬಹುದು. ನನಗೆ ನೆನಪಾಗುವುದು ವಯೊಲಿನ್ನಿನ ಕಮಾನು. ಕಮಾನಿನ ಕುದುರೆಕೂದಲಿಗೆ ರಾಳ ಉಜ್ಜದಿದ್ದರೆ ತಂತಿ ಬಾಯೇ ಬಿಡುವುದಿಲ್ಲ. ಫೋನನ್ನು ನಾಳೆ ಕೊಡುತ್ತೇನೆಂದು ಅವನು ಹೇಳಿದ. ನಾನು ಆಗಲಿ ಎಂದು ತಲೆಯಾಡಿಸಿದೆ, ಆದರೆ ಮನಸ್ಸಿನಲ್ಲಿ ಆಗಲೇ ಮಸ್ಕಿಯ ಪಡಸಾಲೆಯಲ್ಲಿದ್ದೆ.

ನಾನು ಹುಟ್ಟಿ ಬೆಳೆದದ್ದು ರಾಯಚೂರಿನಲ್ಲಿ. ನಮ್ಮ ಓಣಿಯಲ್ಲಿ ವಯೊಲಿನ್ ಕಲಿಸುವ ಮಾಸ್ತರರೊಬ್ಬರಿದ್ದರು. ಸಂಜೆ ಓಣಿಯಲ್ಲಿ ತಿರುಗುವುದಕ್ಕಿಂತ ಇದು ವಾಸಿ ಎಂದು ಅಪ್ಪ ನನ್ನನ್ನು ಅವರ ಮನೆಗೆ ಹಾಕಿದರು. ಹೀಗೆ ಶುರುವಾದ ನನ್ನ ಸಂಗೀತ ಎಲ್ಲಿಗೆ ಮುಟ್ಟಿತು ಎಂಬುದನ್ನು ಮಾಸ್ತರರ ಮಾತಿನಲ್ಲೇ ಹೇಳುವುದು ಒಳ್ಳೆಯದು: "ನಿನ್ನ ಬಲಗೈ ಸಂಗೀತಗಾರರ ಕೈ ಬೇ, ಎಡಗೈ ಮಾತ್ರ ಪಟ್ವಾರಿ ಕೈ. ಎರಡೂ ಒಂದ ಮೈಯಾಗ ಹೆಂಗ ಬಂದಾವೋ!" ಅಂದರೆ ಕಮಾನು ಚೆನ್ನಾಗಿ ಓಡುತ್ತಿತ್ತು, ಬೆರಳುಗಳು ಮಾತ್ರ ಜಮೀನು ಅಳೆಯುವವರಂತೆ ತಂತಿಯ ಮೇಲೆ ಅಂದಾಜಿನಲ್ಲಿ ನಡೆಯುತ್ತಿದ್ದವು.

ಎಂಬತ್ತರ ದಶಕದ ನಡುವಿನಲ್ಲಿ ನನ್ನನ್ನು ಮಸ್ಕಿಗೆ ಕೊಟ್ಟರು. ಹತ್ತಿ, ಜೋಳದ ಅಡತಿ ವ್ಯಾಪಾರದ ಮನೆ. ಸ್ಟೀಲಿನ ಪಾತ್ರೆ, ಗಾದಿ, ಅಲಮಾರುಗಳ ಜೊತೆಗೆ ಕಪ್ಪು ಪೆಟ್ಟಿಗೆಯಲ್ಲಿ ವಯೊಲಿನ್ ಕೂಡ ಲಾರಿ ಏರಿತು. ಇಳಿಸುವಾಗ ಗಂಡನ ಮನೆಯ ಹಿರಿಯರೊಬ್ಬರು ಪೆಟ್ಟಿಗೆಯ ಉದ್ದ, ಅಗಲ, ಆಕಾರ ನೋಡಿ, ಬೀಗರ ಕಿವಿಯ ಹತ್ತಿರ ಬಾಯಿಟ್ಟು, "ಬಂದೂಕು ಏನ್ರೀ?" ಎಂದು ಕೇಳಿದ್ದರಂತೆ. ಆ ಮಾತಿಗೆ ಎರಡೂ ಕಡೆಯವರು ವರ್ಷಗಟ್ಟಲೆ ನಕ್ಕರು.

ನನ್ನ ಅತ್ತೆಯ ಹೆಸರು ನೀಲಮ್ಮ. ಸಣ್ಣ ಮೈಕಟ್ಟು, ಹಣೆಯ ತುಂಬ ವಿಭೂತಿ, ಮಾತು ಕಡ್ಡಿ ಮುರಿದ ಹಾಗೆ. ಬೆಳಗಿನ ಲಿಂಗಪೂಜೆ ಮುಗಿಯುವ ತನಕ ಯಾರ ಜೊತೆಗೂ ಮಾತಿಲ್ಲ. ಮುಗಿದ ಮೇಲೆ ಯಾರಿಗೂ ಬಿಡುವಿಲ್ಲ. ಮಾವ ವೀರಭದ್ರಪ್ಪ ನಾನು ಮದುವೆಯಾಗಿ ಬರುವುದಕ್ಕೆ ಒಂದೆರಡು ವರ್ಷ ಮೊದಲೇ ತೀರಿಕೊಂಡಿದ್ದರು. ಅವರ ಫೋಟೋ ಪಡಸಾಲೆಯ ಗೋಡೆಯ ಮೇಲಿತ್ತು. ಹೊಸ ಸೊಸೆಗೆ ಕಾಣಿಸಿದ್ದು ಅಷ್ಟೇ: ಒಬ್ಬ ದಪ್ಪ ಮೀಸೆಯ ಗೃಹಸ್ಥರು, ಯಾರೋ ತಡವಾಗಿ ಬಂದರೆಂಬಂತೆ ನಮ್ಮತ್ತ ನೋಡುತ್ತಿದ್ದಾರೆ.

ಮದುವೆಯಾಗಿ ತಿಂಗಳು ಕಳೆಯುವುದರೊಳಗೆ ಒಂದು ಮಧ್ಯಾಹ್ನ, ಎಲ್ಲರೂ ಉಂಡು ಅಡ್ಡಾದ ಹೊತ್ತಿನಲ್ಲಿ, ನಾನು ಒಳಕೋಣೆಯಲ್ಲಿ ಕುಳಿತು ಪೆಟ್ಟಿಗೆ ತೆಗೆದೆ. ಶ್ರುತಿ ಮಾಡಿಕೊಂಡು ಮೆಲ್ಲಗೆ ಒಂದು ಆಲಾಪ ಹಿಡಿದೆ. ಎರಡು ನಿಮಿಷವಾಗಿರಲಿಕ್ಕಿಲ್ಲ, ಬಾಗಿಲಲ್ಲಿ ಪಕ್ಕದ ಮನೆಯ ಶಾಂತವ್ವ ಸೆರಗನ್ನು ಬಾಯಿಗೆ ಹಿಡಿದುಕೊಂಡು ನಿಂತಿದ್ದರು. ಅವರ ಹಿಂದೆ ಇನ್ನಿಬ್ಬರು.

"ಯಾರು ಹೋದ್ರಬೇ?" ಎಂದರು ಶಾಂತವ್ವ.

ನನಗೆ ಅರ್ಥವಾಗಲಿಲ್ಲ. "ಎಲ್ಲಿಗೆ?" ಎಂದೆ.

ನಿಮಗೆ ಆ ಕಾಲ ಗೊತ್ತಿದ್ದರೆ ಗೊತ್ತು, ಇಲ್ಲದಿದ್ದರೆ ಹೇಳುತ್ತೇನೆ. ಆಗ ದೇಶದ ದೊಡ್ಡವರು ಯಾರಾದರೂ ತೀರಿಕೊಂಡರೆ ರೇಡಿಯೋದಲ್ಲಿ ಹಾಡು, ನಾಟಕ, ರೈತರ ಕಾರ್ಯಕ್ರಮ ಎಲ್ಲ ನಿಂತುಹೋಗುತ್ತಿದ್ದವು. ಮಾತಿಲ್ಲದ ತಂತಿವಾದ್ಯ ಮಾತ್ರ ದಿನಗಟ್ಟಲೆ ಕೇಳುತ್ತಿತ್ತು, ಸಾರಂಗಿಯೋ ವಯೊಲಿನ್ನೋ, ಒಂದೇ ಸಮನೆ, ನಿಧಾನವಾಗಿ. ಸುದ್ದಿ ಕೇಳದವರಿಗೂ ಅದರಿಂದಲೇ ಸುದ್ದಿ ತಿಳಿಯುತ್ತಿತ್ತು. ನಮ್ಮ ಕಡೆ ಮದುವೆಗೆ ಬಾಜಾ, ಭಜನೆಗೆ ಹಾರ್ಮೋನಿಯಂ, ತಾಳ. ಕಮಾನು ಎಳೆದು ಬಾರಿಸುವ ವಾದ್ಯ ಜನರ ಕಿವಿಗೆ ಬಿದ್ದದ್ದು ಅಂಥ ದಿನಗಳಲ್ಲಿ ಮಾತ್ರ. ಹೀಗಾಗಿ ಶಾಂತವ್ವನ ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ. ಅವರು ದಿಲ್ಲಿಯ ಸುದ್ದಿ ಕೇಳಲು ಬಂದಿದ್ದರು.

ಅತ್ತೆ ಎದ್ದು ಬಂದವರು ಬಾಗಿಲಲ್ಲಿ ನಿಂತ ಹೆಂಗಸರನ್ನೂ, ನನ್ನ ತೋಳಿನ ಮೇಲಿದ್ದ ವಯೊಲಿನ್ನನ್ನೂ ನೋಡಿದರು. ಬೈಯಲಿಲ್ಲ. "ಒಳಗಿಡು" ಎಂದರು, ಅಷ್ಟೇ. ಸಂಜೆಯೊಳಗೆ ಕಪ್ಪು ಪೆಟ್ಟಿಗೆ ಅಟ್ಟದ ಮೇಲೆ, ಹತ್ತಿಯ ಹಳೇ ಚೀಲಗಳ ಹಿಂದೆ ಸೇರಿತ್ತು.

ರಾತ್ರಿ ಊಟದ ಹೊತ್ತಿಗೆ ನನ್ನ ಗಂಡ ಮೆಲ್ಲಗೆ ಹೇಳಿದರು: "ಅಪ್ಪ ಹೋದಾಗ ರೇಡಿಯೋದಾಗ ಇದ ದನಿ ಬರಾಕತ್ತಿತ್ತು. ಅವ್ವಗ ಇದನ್ನ ಕೇಳಿದ್ರ ಅಂಜಿಕಿ. ಆ ಮಾತು ಆಕಿ ಮುಂದ ಎತ್ತಬ್ಯಾಡ."

ನಾನು ಎತ್ತಲಿಲ್ಲ. ನಿಜ ಹೇಳಬೇಕೆಂದರೆ ನನ್ನ ಎಡಗೈಗೆ ಸ್ವಲ್ಪ ಸಮಾಧಾನವೂ ಆಯಿತು.

ಮರುವರ್ಷ ನನಗೆ ಸಿಂಧನೂರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಕೆಲಸ ಸಿಕ್ಕಿತು. ದಿನಾ ಬೆಳಿಗ್ಗೆ ಮಸ್ಕಿಯಿಂದ ಬಸ್ಸು, ಸಂಜೆ ವಾಪಸ್ಸು. ಅಲ್ಲಿ ಗಣಿತ ಕಲಿಸುತ್ತಿದ್ದವರು ಅನಸೂಯಮ್ಮ. ಕಾಲುವೆ ನೀರು ಬಂದಾಗ ಆಂಧ್ರದಿಂದ ಬಂದು ಗೊರೇಬಾಳದ ಹತ್ತಿರ ಗದ್ದೆ ಮಾಡಿದ ಮನೆತನದವರು. ಒಂದು ದಿನ ಸ್ಟಾಫ್ ರೂಮಿನಲ್ಲಿ ಅವರ ಎಡಗೈ ಬೆರಳ ತುದಿಗಳನ್ನು ನೋಡಿದೆ. ತಂತಿ ಒತ್ತಿ ಒತ್ತಿ ಬೀಳುವ ಗೆರೆ ಎಲ್ಲಿದ್ದರೂ ನನಗೆ ಗೊತ್ತಾಗುತ್ತದೆ.

"ನೀವು ವಯೊಲಿನ್ ಬಾರಿಸ್ತೀರಿ" ಎಂದೆ.

ಅವರು ನನ್ನ ಬೆರಳು ನೋಡಿದರು. "ನೀನು ಬಾರಿಸೋದು ಬಿಟ್ಟಿದ್ದಿ. ತಪ್ಪು ಕದಮ್ಮಾ!" ಎಂದರು.

ಅಂದಿನಿಂದ ಶನಿವಾರ ಶಾಲೆ ಅರ್ಧಕ್ಕೆ ಬಿಟ್ಟ ಮೇಲೆ ನಾನು ಅವರ ಮನೆಗೆ ಹೋಗಲಾರಂಭಿಸಿದೆ. ಅವರ ಬಳಿ ಎರಡು ವಯೊಲಿನ್‌ಗಳಿದ್ದವು. ಅವರದು ಕರ್ನಾಟಕ ಸಂಗೀತ, ನನ್ನದು ಹಿಂದುಸ್ತಾನಿ. ಅವರ ಮೋಹನವೂ ನನ್ನ ಭೂಪವೂ ಒಂದೇ ಐದು ಸ್ವರಗಳ ರಾಗ. ಆದರೆ ಅವರು ಅದನ್ನು ಮಗ್ಗಿಯಂತೆ ಚುರುಕಾಗಿ ಹೇಳುತ್ತಿದ್ದರು, ನಾನು ಎಮ್ಮೆ ಕೆರೆಗಿಳಿದಂತೆ ನಿಧಾನ ಮಾಡುತ್ತಿದ್ದೆ. ಕೊಂಚ ಶ್ರುತಿ ಸರಿದರೂ ಅವರು ಹಣೆ ಹಿಡಿದುಕೊಂಡು, "ನಂಗೆ ತಲನೊಪ್ಪಿ ಬರ್ತದೆ" ಎಂದು ಏಳುತ್ತಿದ್ದರು. ಲೆಕ್ಕದ ಟೀಚರು ನೋಡಿ, ಹತ್ತಿರಹತ್ತಿರದ ಉತ್ತರಕ್ಕೆ ಅವರಲ್ಲಿ ಮಾರ್ಕಿರಲಿಲ್ಲ.

ಕೆಲವು ತಿಂಗಳಾದ ಮೇಲೆ ನಮ್ಮ ಜೊತೆಗೆ ಮೂರನೆಯವರು ಬಂದು ಕೂಡಿಕೊಂಡರು. ನಿರೋದ ಬಾಬು, ಬಂಗಾಳಿ ನಿರಾಶ್ರಿತರಿಗೆಂದು ಸಿಂಧನೂರಿನ ಬಳಿ ಕಟ್ಟಿದ ಆರ್.ಎಚ್. ಕ್ಯಾಂಪಿನ ಹೋಮಿಯೋಪತಿ ಡಾಕ್ಟರರು. ಅನಸೂಯಮ್ಮನ ಯಜಮಾನರ ಅಲರ್ಜಿಗೆ ಗುಳಿಗೆ ಕೊಡಲು ಬಂದವರು ವಯೊಲಿನ್ನಿನ ದನಿ ಕೇಳಿ, ಮುಂದಿನ ವಾರ ತಮ್ಮ ಎಸ್ರಾಜನ್ನು ಕೌದಿಯಲ್ಲಿ ಸುತ್ತಿಕೊಂಡು ಬಂದರು. ಬಸ್ಸಿನಲ್ಲಿ ಯಾರೋ ಅದನ್ನು ಜ್ವರ ಬಂದ ಕೂಸೆಂದು ತಿಳಿದು ಎದ್ದು ಸೀಟು ಬಿಟ್ಟುಕೊಟ್ಟಿದ್ದರಂತೆ. ಎಸ್ರಾಜ್ ನೋಡದವರಿಗೆ ಇಷ್ಟು ಹೇಳಬಹುದು: ಕುತ್ತಿಗೆ ಸಿತಾರಿನದು, ಹೊಟ್ಟೆ ಸಾರಂಗಿಯದು. ಹೆಗಲಿಗೆ ಒರಗಿಸಿಕೊಂಡು ಕಮಾನು ಎಳೆದರೆ, ಮೂಗು ಕಟ್ಟಿದ ಮನುಷ್ಯ ಒಳ್ಳೆಯ ಮಾತು ಆಡಿದ ಹಾಗೆ ಕೇಳುತ್ತದೆ. ಡಾಕ್ಟರರು ಇಲ್ಲಿಗೆ ಬಂದು ಬಹಳ ವರ್ಷವಾಗಿತ್ತು, ಕನ್ನಡ ಚೆನ್ನಾಗಿಯೇ ಆಡುತ್ತಿದ್ದರು. ಆದರೆ ಅವರ ಬಾಯಲ್ಲಿ ವಾದ್ಯ ಬಾದ್ಯವಾಗುತ್ತಿತ್ತು, ವೈದ್ಯ ಬೈದ್ಯನಾಗುತ್ತಿದ್ದ.

ಹೀಗೆ ಮೂವರೂ ಕೂಡಿ ಶನಿವಾರಗಳನ್ನು ಕಳೆದೆವು. ಕೇಳುವವರಿಲ್ಲ. ಕಿಟಕಿಯಾಚೆ ಭತ್ತದ ಗದ್ದೆ, ಅದರಾಚೆ ಕಾಲುವೆ. ನಾನು ಮಸ್ಕಿಯಲ್ಲಿ ಅತ್ತೆಗೆ, ಅನಸೂಯಮ್ಮನ ಮನೆಗೆ ಹೋಗುತ್ತೇನೆ ಎಂದು ಮಾತ್ರ ಹೇಳುತ್ತಿದ್ದೆ. ಅದು ಸುಳ್ಳಲ್ಲ. ಅತ್ತೆ ಅದಕ್ಕಿಂತ ಹೆಚ್ಚು ಕೇಳುತ್ತಿರಲಿಲ್ಲ.

ಅತ್ತೆಗೆ ನಿದ್ದೆ ಬರುತ್ತಿರಲಿಲ್ಲ. ಮಾವ ಹೋದಂದಿನಿಂದ ಹಾಗೆಯೇ ಎಂದು ಗಂಡ ಹೇಳುತ್ತಿದ್ದರು. ಲಿಂಗಸುಗೂರಿನ ಡಾಕ್ಟರರ ಗುಳಿಗೆಗಳು ಅವರಿಗೆ ಒಗ್ಗಲಿಲ್ಲ, ಹಗಲೆಲ್ಲ ತೂಕಡಿಸುವಂತಾಗಿ ಬಿಟ್ಟುಬಿಟ್ಟರು. ನಾನು ನಿರೋದ ಬಾಬುಗಳ ಮುಂದೆ ಈ ವಿಷಯ ಹೇಳಿದೆ. ಒಂದು ಭಾನುವಾರ ಅವರು ಔಷಧಿಯ ಚೀಲ ಹಿಡಿದು ಮಸ್ಕಿಗೇ ಬಂದರು.

ಹೋಮಿಯೋಪತಿಯವರ ಪ್ರಶ್ನೆಗಳು ನಿಮಗೆ ಗೊತ್ತಲ್ಲ. ಪಡಸಾಲೆಯಲ್ಲಿ ಚಾಪೆಯ ಮೇಲೆ ಕುಳಿತು, ಅತ್ತೆಯನ್ನು ತಮ್ಮ ಬಂಗಾಳಿಯಲ್ಲಿ ಚಿಕ್ಕಮ್ಮ ಎಂದು ಕರೆದು ಶುರು ಮಾಡಿದರು.

"ಮಾಸಿಮಾ, ನಿಮಗೆ ಸಿಹಿ ಸೇರ್ತದೋ, ಖಾರ ಸೇರ್ತದೋ?"

"ಖಾರ" ಎಂದರು ಅತ್ತೆ. "ಅದಕ್ಕೂ ನಿದ್ದಿಗೂ ಏನ ಸಂಬಂಧೋ ನಮ್ಮಪ್ಪಾ?"

"ಬಾಯಾರಿಕೆ ಹೆಂಗೆ? ಒಮ್ಮೆಲೆ ಚೆಂಬು ನೀರು ಕುಡೀತೀರೋ, ಗುಟುಕು ಗುಟುಕು?"

"ಒಮ್ಮಿಗೆ ಕುಡಿದ ಬಿಡತೀನಿ. ಗುಟುಕು ಹಾಕಾಕ ನಾ ಏನ ಗುಬ್ಬೀನ?"

ಚಹಾ ಮಾಡುತ್ತ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನನಗೆ ನಗು. ಆಗ ಡಾಕ್ಟರರು, ಅದೇ ದನಿಯಲ್ಲಿ, ಬಾಯಾರಿಕೆ ಕೇಳಿದಷ್ಟೇ ಹಗುರಾಗಿ ಕೇಳಿದರು: "ಯಾವ ದನಿ ಕೇಳಿದರೆ ನಿಮ್ಮ ಎದೆ ಬಡಕೋತದೆ?"

ಅತ್ತೆ ನನ್ನ ಕಡೆ ಒಮ್ಮೆ ನೋಡಿದರು. ಮತ್ತೆ ಗೋಡೆಯ ಮೇಲಿನ ಫೋಟೋದ ಕಡೆ ನೋಡಿದರು.

"ಆ ತಂತಿ ದನಿ" ಎಂದರು. "ಅಂಜಿಕಿ ಅಂತ ನನ್ನ ಮಗಾ ತಿಳಕೊಂಡಾನ. ಅಂಜಿಕಿ ಅಲ್ಲಪ್ಪ ಅದು, ಸಿಟ್ಟು."

ಡಾಕ್ಟರರು ಸುಮ್ಮನೆ ಕುಳಿತರು. ಅವರ ಔಷಧಿಗಳಲ್ಲಿ ಅದೇ ಎಲ್ಲಕ್ಕಿಂತ ಗಟ್ಟಿಯಾದದ್ದು ಎಂದು ನನಗೆ ಈಗ ಅನ್ನಿಸುತ್ತದೆ.

"ಹಿಂದಿನ ದಿನ ದಿಲ್ಲ್ಯಾಗ ದೊಡ್ಡವ್ರು ಹೋಗಿದ್ರು. ಮರುದಿನ ಮುಂಜಾನಿ ನಮ್ಮವ್ರು ಹೋದ್ರು. ಊರಿಗೂರ ಬಂದ್. ಬಸ್ಸಿಲ್ಲ. ಲಿಂಗಸೂರಾಗಿಂದ ನನ್ನ ತವರವ್ರು ಬರಾಕ ಆಗಲಿಲ್ಲ. ಭಜನಿ ಮ್ಯಾಳದವ್ರು ಬರಲಿಲ್ಲ. ಹೂವಿನ ಅಂಗಡಿ ತಗದಿರಲಿಲ್ಲ, ಹಿತ್ತಲದಾಗಿನ ಕಣಗಲ ಹೂವ ಹಾಕಿ ಕಳಿಸಿದ್ವಿ. ಈ ಪಡಸಾಲ್ಯಾಗ, ಇಲ್ಲೇ, ಅವರನ್ನ ಕುಂದ್ರಿಸಿದ್ವಿ. ಎದುರಿನ ಹೋಟ್ಲದ ಮುಂದ ಮಂದಿ ನಿಂತು ಅಳಾಕತ್ತಿದ್ರು. ರೇಡಿಯೋ ಕೇಳಿ ಅಳಾಕತ್ತಿದ್ರಪ್ಪಾ, ನಮ್ಮವ್ರಿಗಲ್ಲ. ಇಲ್ಲಿ ಬಂದು ಕುಂತ ನಾಲ್ಕು ಮಂದೀನೂ ದಿಲ್ಲಿ ಮಾತ ಆಡಿದ್ರು. ಇಂಥಾ ದೊಡ್ಡ ಸಾವಿನ ಮುಂದ ನಾ ಹೆಂಗ ಬಾಯಿ ತಗದು ಅಳ್ಲಿ? ಅಳ್ಲಿಲ್ಲ. ಆ ರೇಡಿಯೋ ಮುಂಜಾನಿಂದ ಸಂಜೀತನಕ ಅತ್ತ ಅತ್ತಿತು. ನಮ್ಮವ್ರಿಗೆ ಯಾರೂ ಏನೂ ಬಾರಿಸಲಿಲ್ಲ."

ಒಲೆಯ ಮೇಲೆ ಚಹಾ ಉಕ್ಕಿತು. ನಾನು ಅದನ್ನು ನೋಡಲಿಲ್ಲ.

ನಿರೋದ ಬಾಬು ಕನ್ನಡಕ ತೆಗೆದು ಧೋತರದ ಅಂಚಿನಿಂದ ಒರೆಸಿಕೊಂಡರು. "ಮಾಸಿಮಾ, ನಾನೂ ಅಂಥದೇ ಬಾದ್ಯ ಬಾರಿಸ್ತೀನಿ. ರೇಡಿಯೋದ್ದು ಸಾರಂಗಿ, ನಂದು ಅದರ ತಮ್ಮ ಅನ್ನಿ" ಎಂದರು. ಆಮೇಲೆ ಸ್ವಲ್ಪ ತಡೆದು ಹೇಳಿದರು: "ದೇಶ ಬಿಟ್ಟು ಬರುವಾಗ ದಾರಿಯಲ್ಲಿ ನಮ್ಮಪ್ಪ ಹೋದರು. ನನಗೆ ಇದನ್ನು ಕಲಿಸಿದವರು ಅವರೇ. ಅವತ್ತು ಬಾರಿಸೋಕೆ ಆಗಲಿಲ್ಲ. ಬಾದ್ಯ ಗಂಟಿನ ತಳದಲ್ಲಿತ್ತು, ಗಂಟು ಬಿಚ್ಚೋ ಹಂಗಿರಲಿಲ್ಲ. ಇಲ್ಲಿ ಕ್ಯಾಂಪಿಗೆ ಬಂದು ಮನೆ ಕಟ್ಟಿದ ಮೇಲೆ ಒಂದಿನ ಬಾರಿಸಿದೆ."

"ಭಾಳ ದಿನ ಆಗಿತ್ತೇನು?"

"ಭಾಳ ಬರ್ಷ ಆಗಿತ್ತು."

"ಅಷ್ಟು ತಡಾ ಆದ ಮ್ಯಾಲೂ ನಡೀತದೇನಪ್ಪಾ?"

"ನಡೀತು, ಮಾಸಿಮಾ."

ಡಾಕ್ಟರರು ಸಣ್ಣ ಶೀಶೆಯಲ್ಲಿ ಸಕ್ಕರೆ ಗುಳಿಗೆ ಕೊಟ್ಟು ಹೋದರು. ಅತ್ತೆ ಅವನ್ನು ಹೊತ್ತು ಹೊತ್ತಿಗೆ ತೆಗೆದುಕೊಂಡರು. ಹದಿನೈದು ದಿನ ಕಳೆದಿರಬೇಕು. ಒಂದು ಸಂಜೆ ಇಬ್ಬರೂ ಕುಳಿತು ಜೋಳ ಹಸನು ಮಾಡುತ್ತಿದ್ದೆವು. ಮೊರದಿಂದ ಕಣ್ಣು ಎತ್ತದೆ ಅತ್ತೆ ಕೇಳಿದರು: "ಅನಸೂಯಮ್ಮನ ಮನ್ಯಾಗ ನೀನೂ ಬಾರಸ್ತೀಯಲ್ಲ?"

ನನ್ನ ಕೈ ನಿಂತಿತು. "ಹೌದ್ರೀ ಅತ್ತೀ."

"ಗೊತ್ತೈತಿ. ಶನಿವಾರ ನೀ ಬಂದಾಗ ನಿನ್ನ ಸೆರಗು ಊದಿನಕಡ್ಡಿಯಂಗ ರಾಳದ ವಾಸನಿ ಹೊಡೀತೈತಿ, ನಿನ್ನ ಆ ಪೆಟಗಿಯಂಗ." ಮೊರವನ್ನು ಒಮ್ಮೆ ಕೇರಿ ಹೊಟ್ಟು ಹಾರಿಸಿದರು. "ಆ ಡಾಕ್ಟರ್‌ಗ ಹೇಳು. ಆ ಟೀಚರ್‌ಗೂ ಹೇಳು. ಒಂದಿನ ಇಲ್ಲಿ ಬರ್ರಿ, ಈ ಪಡಸಾಲ್ಯಾಗ. ನಮ್ಮ ಮನಿಯವ್ರಿಗೂ ಒಂದೀಟು ಬಾರಿಸ್ರಿ."

ನಾನು ಅವರತ್ತ ತಿರುಗಿದೆ. ಅವರೇ ಮುಂದುವರಿಸಿದರು: "ಹಗಲಿನ್ಯಾಗ ಇರಲಿ. ಬಾಗಿಲಾ ತಗದಿರಲಿ. ಓಣಿ ಮಂದಿಗೆ ನಾ ಹೇಳತೀನಿ."

ಅವರು ಹೇಳಿದ್ದನ್ನು ಮಾಡಿದರು ಕೂಡ. ಆ ಭಾನುವಾರ ಬೆಳಿಗ್ಗೆ ಪೂಜೆ ಮುಗಿಸಿ, ಹೊಸ ಇಳಕಲ್ ಸೀರೆಯುಟ್ಟು, ತಾವೇ ಮನೆ ಮನೆಗೆ ಹೋದರು. ಮದುವೆಗೆ ಅಕ್ಕಿಕಾಳು ಹಿಡಿದು ಕರೆಯಲು ಹೋಗುವಂತೆ ನಾನು ಅವರ ಹಿಂದೆ. ಪ್ರತಿ ಬಾಗಿಲಲ್ಲಿಯೂ ಅವರು ಅದೇ ಮಾತು ಹೇಳಿದರು: "ಇವತ್ತ ನಮ್ಮ ಮನ್ಯಾಗ ತಂತಿ ಬಾರಸ್ತಾರ. ಯಾರೂ ಸತ್ತಿಲ್ಲ. ನಮ್ಮವ್ರು ಹೋಗ್ಯಾರಲ್ಲ, ಅವರಿಗೆ. ಅವತ್ತ ಬರಾಕ ಆಗಲಾರದವ್ರು ಇವತ್ತ ಬರ್ರಿ."

ಶಾಂತವ್ವ ಬಾಗಿಲಲ್ಲಿ ನಿಂತು ಕೇಳಿದರು. ಒಳಗೆ ಹೋಗಿ ಮುಖ ತೊಳೆದು, ಹಾಗೆಯೇ ನಮ್ಮ ಜೊತೆ ಹೊರಟುಬಿಟ್ಟರು.

ಊಟದ ಹೊತ್ತು ಮುಗಿದ ಮೇಲೆ ನಮ್ಮ ಕಚೇರಿ ಶುರುವಾಯಿತು. ಕಚೇರಿ ಎನ್ನಲು ವೇದಿಕೆಯಿಲ್ಲ, ಮೈಕಿಲ್ಲ. ಮಾವನ ಫೋಟೋದ ಕೆಳಗೆ ಜಮಖಾನೆ ಹಾಸಿ ನಾವು ಮೂವರು, ನನ್ನ ಕೈಯಲ್ಲಿ ಅನಸೂಯಮ್ಮನ ಎರಡನೆಯ ವಯೊಲಿನ್. ಎದುರಿಗೆ ಗೋಡೆಗುಂಟ ಓಣಿಯ ಹೆಂಗಸರು. ಕಂಬಗಳ ಹತ್ತಿರ ನನ್ನ ಗಂಡ, ಅಡತಿಯ ಕೆಲವು ಗಂಡಸರು. ಇಂಥ ಸಂಗೀತಕ್ಕೆ ಕೋಣೆಯೇ ಸರಿಯಾದ ಜಾಗ ಎಂದು ಎಲ್ಲೋ ಓದಿದ್ದೆ. ಅದು ನಿಜವೆಂದು ಅವತ್ತು ತಿಳಿಯಿತು. ಕಮಾನು ತಂತಿಗೆ ತಾಗುವ ಮುಂಚಿನ ಉಸಿರು ಕೂಡ ಎದುರಿನವರಿಗೆ ಕೇಳುತ್ತದೆ. ನನ್ನ ಎಡಗೈಗೆ ಅಡಗಿಕೊಳ್ಳಲು ಎಲ್ಲಿಯೂ ಜಾಗವಿರಲಿಲ್ಲ.

ಅನಸೂಯಮ್ಮ ಮೋಹನದಲ್ಲಿ ವರ್ಣ ಹಿಡಿದರು. ನಾನು ಬೆನ್ನುಹತ್ತಿದೆ. ಕಂಬದ ಕಡೆಯಿಂದ ಯಾರೋ, "ತಬಲಾ ಇಲ್ಲೇನ್ರೀ?" ಎಂದರು. ಇನ್ನೊಬ್ಬರು, "ಸುಮ್ಮ ಕುಂದ್ರಲೇ, ಬರತಿರಬೇಕು" ಎಂದರು. ಆಮೇಲೆ ಅದೇ ರಾಗವನ್ನು ನಾನು ಭೂಪ ಮಾಡಿ ನಿಧಾನಕ್ಕೆ ಬಾರಿಸಿದೆ. ಹೊರಗೆ ಸಿಂಧನೂರಿನ ಬಸ್ಸು ಹಾರ್ನ್ ಹೊಡೆದುಕೊಂಡು ಹೋಯಿತು. ಒಂದು ಆಡು ಹೊಸ್ತಿಲ ತನಕ ಬಂದು ಇಣುಕಿ ನೋಡಿ ಹೋಯಿತು. ಹೆಂಗಸರಲ್ಲಿ ಒಬ್ಬರು ತೊಡೆಯ ಮೇಲೆ ಬೆರಳಿನಿಂದ ತಾಳ ಹಾಕತೊಡಗಿದ್ದರು. ತಾಳ ತಪ್ಪಾಗಿತ್ತು, ಅನಸೂಯಮ್ಮ ಹಣೆ ಹಿಡಿದುಕೊಳ್ಳಲಿಲ್ಲ.

ಎರಡು ಮೂರು ರಾಗಗಳಾದ ಮೇಲೆ ಅತ್ತೆ ಕುಳಿತಲ್ಲಿಂದಲೇ ಹೇಳಿದರು: "ಡಾಕ್ಟ್ರ, ಈಗ ಅದನ್ನ ಬಾರಿಸ್ರಿ. ಅವತ್ತ ರೇಡಿಯೋದಾಗ ಬಂದಿದ್ದು."

ಅವತ್ತು ಬಂದದ್ದು ಯಾವ ರಾಗವೋ ಯಾರಿಗೆ ಗೊತ್ತು. ನಿರೋದ ಬಾಬು ಕೇಳಲೂ ಇಲ್ಲ. ಎಸ್ರಾಜನ್ನು ಹೆಗಲಿಗೆ ಒರಗಿಸಿ, ಕಣ್ಣು ಮುಚ್ಚಿ, ಕೆಳಗಿನ ಸ್ವರದಿಂದ ಮೆಲ್ಲಗೆ ಎತ್ತಿದರು. ನಾವಿಬ್ಬರೂ ಒಂದೊಂದು ಸ್ವರ ಹಿಡಿದು ಅದರ ಕೆಳಗೆ ಶ್ರುತಿಯಂತೆ ನಿಂತೆವು. ಇದೇ ದನಿ, ಇದೇ ಜಾಗ. ನಾನು ಅತ್ತೆಯ ಮುಖ ನೋಡಲಾರದೆ ಕಮಾನಿನ ತುದಿ ನೋಡುತ್ತ ಕುಳಿತೆ. ಇದನ್ನು ಇಲ್ಲಿ ತಂದು ಬಾರಿಸಿದ್ದು ತಪ್ಪಾಯಿತೇನೋ, ಇವರು ಎದ್ದು ಒಳಗೆ ಹೋಗಿಬಿಟ್ಟರೆ ಈ ಮನೆಯಲ್ಲಿ ಮುಂದೆ ಹೇಗಿರುವುದು ಎಂದು ಯೋಚಿಸುತ್ತಿದ್ದೆ.

ಅತ್ತೆ ಏಳಲಿಲ್ಲ. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಬಾಯಿ ತೆರೆದರು.

ನಮ್ಮ ಕಡೆ ಹೆಂಗಸರು ಸತ್ತವರನ್ನು ನೆನೆದು ಹಾಡಿ ಅಳುತ್ತಾರೆ. ಅದಕ್ಕೆ ಕಟ್ಟಿದ ಪದವಿಲ್ಲ. ಬದುಕಿದ್ದಾಗ ಆ ಮನುಷ್ಯ ಹೇಗಿದ್ದ, ಏನು ತಿನ್ನುತ್ತಿದ್ದ, ಏನಕ್ಕೆ ಸಿಟ್ಟಾಗುತ್ತಿದ್ದ, ಅದೇ ಹಾಡು. ಅತ್ತೆ ಹಾಡಿದರು. ಅಡತಿಗೆ ಹೊರಟವರು ರುಮಾಲು ಮರೆತು ಅರ್ಧ ದಾರಿಯಿಂದ ತಿರುಗಿ ಬರುತ್ತಿದ್ದುದನ್ನು ಹಾಡಿದರು. ಸಾರು ಆರಿತೆಂದು ತಾಟು ಸರಿಸಿ, ಮತ್ತೆ ತಾವೇ ಎಳೆದುಕೊಂಡು ಉಣ್ಣುತ್ತಿದ್ದುದನ್ನು ಹಾಡಿದರು. ಸಂತೆಯಿಂದ ಯಾರಿಗೂ ಕಾಣದಂತೆ ಕೊಬ್ಬರಿ ಮಿಠಾಯಿ ತಂದು ಸಜ್ಜದ ಮೇಲಿಡುತ್ತಿದ್ದುದನ್ನು, ಕಣಗಲ ಹೂವು ಹಾಕಿ ಕಳಿಸಿದೆನಲ್ಲಾ ಎಂಬುದನ್ನು ಹಾಡಿದರು. ನನ್ನ ಗಂಡ ಕಂಬಕ್ಕೆ ಹಣೆ ಹಚ್ಚಿ ನಿಂತಿದ್ದರು. ಶಾಂತವ್ವ ಸರಿದು ಬಂದು ಅತ್ತೆಯ ಭುಜ ಹಿಡಿದುಕೊಂಡು ತಾವೂ ದನಿ ಕೂಡಿಸಿದರು: "ನನ್ನ ಮಗಳ ಮದವಿಗೆ ಜ್ವಾಳ ಕಳಿಸಿದ್ದಿ ಯಪ್ಪಾ, ನಾ ಬರಲಿಲ್ಲಲ್ಲೋ..." ಒಬ್ಬೊಬ್ಬರಾಗಿ ಉಳಿದವರೂ ಬಂದರು. ಗೋಡೆಯ ಮೇಲಿನ ದಪ್ಪ ಮೀಸೆಯ ಗೃಹಸ್ಥರನ್ನು ನಾನು ಮೊದಲ ಸಲ ಕಂಡದ್ದು ಅವತ್ತು.

ಅತ್ತೆಯ ದನಿ ನಮ್ಮ ಶ್ರುತಿಯಲ್ಲಿರಲಿಲ್ಲ. ಅದಕ್ಕಿಂತ ಕೊಂಚ ಮೇಲೆ, ಎಲ್ಲೋ ಎರಡು ಸ್ವರಗಳ ಮನೆಗಳ ನಡುವೆ ಇತ್ತು. ಮೊದಲು ಅನಸೂಯಮ್ಮನೇ ಕಮಾನು ನಿಲ್ಲಿಸಿದರು. ಕಿವಿಗೊಟ್ಟು ಕೇಳಿದರು. ಬೆರಳನ್ನು ತಂತಿಯ ಮೇಲೆ ಜಾರಿಸಿ, ಅತ್ತೆಯ ದನಿ ನಿಂತ ಜಾಗಕ್ಕೇ ಹೋಗಿ ನಿಂತರು. ನಿರೋದ ಬಾಬುಗಳೂ ಅಲ್ಲಿಗೆ ಹೋದರು. ಅಂದಾಜಿನಲ್ಲಿ ನಡೆಯುವ ನನ್ನ ಬೆರಳುಗಳಿಗೆ ಮಾತ್ರ ಅದು ಕಷ್ಟವೇ ಆಗಲಿಲ್ಲ.

ಅಳು ಎಂಬುದು ಮಳೆಯಂತೆ, ಬಂದದ್ದು ಹೋಗುತ್ತದೆ. ಸ್ವಲ್ಪ ಹೊತ್ತಿಗೆ ಎಲ್ಲರೂ ಮೂಗು ಒರೆಸಿಕೊಂಡರು, ಹಿತ್ತಲಿಗೆ ಹೋಗಿ ಮುಖ ತೊಳೆದುಕೊಂಡರು. ಅತ್ತೆ ಸೊಂಟಕ್ಕೆ ಸೆರಗು ಸಿಕ್ಕಿಸಿ, "ಮಂಡಾಳ ವಗ್ಗರಣಿ ಹಾಕೀನಿ, ಮಿರ್ಚಿ ಬಿಸಿ ಐತಿ, ಯಾರೂ ಹಂಗ ಹೋಗಬ್ಯಾಡ್ರಿ" ಎಂದರು. ಅಡತಿ ಬಸಪ್ಪ ಎಂಬ ಮುದುಕರು ಮಿರ್ಚಿ ಕಡಿಯುತ್ತ ನನ್ನನ್ನು ಕೇಳಿದರು: "ಛಲೋ ಬಾರಿಸಿದ್ರಿ ತಂಗಿ. ಆದ್ರ ಆ ತಬಲಾದವ ಯಾಕ ಬರಲಿಲ್ಲ?"

ಅವತ್ತು ರಾತ್ರಿ ಅತ್ತೆಗೆ ನಿದ್ದೆ ಬಂತೆಂದು ಹೇಳಿದರೆ ಕಥೆ ಚೆಂದವಾಗುತ್ತದೆ. ಬರಲಿಲ್ಲ. ಅವರ ನಿದ್ದೆ ಕೊನೆಯ ತನಕ ಅಷ್ಟಕ್ಕಷ್ಟೇ ಇತ್ತು. ಆದರೆ ಮರುದಿನ ಮುಂಜಾನೆ ಅವರೇ ಅಟ್ಟ ಹತ್ತಿ, ಕಪ್ಪು ಪೆಟ್ಟಿಗೆಯನ್ನು ಇಳಿಸಿ ಧೂಳು ಒರೆಸಿ ನನ್ನ ಮುಂದಿಟ್ಟರು. "ಬಾರ್ಸು. ಅಡಗಿ ಹೊತ್ತಿನ್ಯಾಗ ಬ್ಯಾಡ" ಎಂದರು. ಆಮೇಲೆ ವರ್ಷಗಳ ಕಾಲ ನಾನು ಆ ಪಡಸಾಲೆಯಲ್ಲೇ ಬಾರಿಸಿದೆ. ಯಾರೂ ಬಂದು ಯಾರು ಹೋದರೆಂದು ಕೇಳಲಿಲ್ಲ.

ತೊಂಬತ್ತರ ದಶಕದ ಆರಂಭದ ಒಂದು ಬೇಸಿಗೆಯಲ್ಲಿ ದೇಶ ಮತ್ತೊಮ್ಮೆ ಅಂಥದೇ ಸುದ್ದಿ ಕೇಳಿತು. ಅಂಗಡಿಗಳು ಮುಚ್ಚಿದವು, ಬಸ್ಸುಗಳು ನಿಂತವು. ನಮ್ಮ ಮನೆಯ ರೇಡಿಯೋದಲ್ಲಿ ಮತ್ತೆ ಅದೇ ತಂತಿ. ನಾನು ಓಡಿ ಬಂದು ಆರಿಸಲು ಕೈ ಚಾಚಿದೆ.

"ಇರಲಿ ಬಿಡು" ಎಂದರು ಅತ್ತೆ. ರೇಡಿಯೋದ ಮುಂದೆ ಕಾಲು ಮಡಿಚಿ ಕುಳಿತು ಬಹಳ ಹೊತ್ತು ಕೇಳಿದರು. "ಪಾಪ, ಆ ಮನ್ಯಾಗೂ ಒಬ್ಬಾಕಿ ಕುಂತಿರತಾಳ" ಎಂದರು. "ಇಷ್ಟು ಮಂದಿ ನಡುವ ಆಕಿಗೆ ಅಳಾಕ ಆಗತದೋ ಇಲ್ಲೋ."

ಅತ್ತೆ ತೀರಿಕೊಂಡೂ ಬಹಳ ವರ್ಷವಾಯಿತು. ಗಂಡನ ವ್ಯಾಪಾರ ಲಿಂಗಸುಗೂರಿಗೆ ಬಂದಾಗ ನಾವೂ ಬಂದೆವು. ಮಸ್ಕಿಯ ಆ ಮನೆ ಈಗ ಬೇರೆಯವರದು. ನಿರೋದ ಬಾಬು ಇಲ್ಲ. ಅನಸೂಯಮ್ಮ ಆಗಾಗ ಫೋನು ಮಾಡಿ, ನಾನು ಹಲೋ ಅನ್ನುವುದೂ ಶ್ರುತಿ ತಪ್ಪಿದೆ ಎನ್ನುತ್ತಾರೆ.

ಮೊನ್ನೆ ಸಂಜೆ ರಿಪೇರಿ ಅಂಗಡಿಯಿಂದ ಬರಿಗೈಯಲ್ಲಿ ಮನೆಗೆ ಹೊರಟವಳು ನಮ್ಮ ಹಿಂದಿನ ಓಣಿಯಲ್ಲಿ ನಿಂತೆ. ಅಲ್ಲಿ ರೇಣುಕಾ ಎಂಬ ಹೆಣ್ಣುಮಗಳಿದ್ದಾಳೆ, ನನ್ನ ರವಿಕೆಗಳನ್ನು ಹೊಲಿಯುವವಳು. ಹೋದ ತಿಂಗಳು ಚುನಾವಣೆಯ ಫಲಿತಾಂಶ ಬಂದ ದಿನ ಅವಳ ಗಂಡ ತೀರಿಕೊಂಡ. ಗೆದ್ದವರ ಮೆರವಣಿಗೆ ಅದೇ ಓಣಿಯಲ್ಲಿ ಪಟಾಕಿ ಹಾರಿಸುತ್ತ ಹೋಯಿತು. ಮಣ್ಣಿಗೆ ನಾಲ್ಕು ಜನ ಹೋಗಿದ್ದರಂತೆ. ನಾನು ಆಗ ಊರಲ್ಲಿರಲಿಲ್ಲ. ಬಂದ ಮೇಲೆ, ಇಷ್ಟು ದಿನವಾದ ಬಳಿಕ ಹೋಗಿ ಏನು ಮಾತಾಡುವುದೆಂದು ತಿಳಿಯದೆ ಆ ಓಣಿಯನ್ನು ಬಿಟ್ಟು ಸುತ್ತಿಕೊಂಡು ತಿರುಗಾಡುತ್ತಿದ್ದೆ.

ಅವಳು ಮಷಿನ್ನಿನ ಮುಂದೆ ಕುಳಿತು ದಾರ ಪೋಣಿಸುತ್ತಿದ್ದಳು. ನನ್ನನ್ನು ಕಂಡು ಎದ್ದು, "ಬರ್ರಿ ಟೀಚರಮ್ಮಾರ. ನಿಮ್ಮ ಬ್ಲೌಸ್ ಇನ್ನೂ ಆಗಿಲ್ರಿ" ಎಂದಳು.

"ಬ್ಲೌಸಿಗೆ ಬಂದಿಲ್ಲವ್ವ" ಎಂದೆ. ಚಾಪೆ ಎಳೆದುಕೊಂಡು ನೆಲಕ್ಕೆ ಕುಳಿತೆ. "ನಿನ್ನ ಗಂಡ ಹೆಂಗಿದ್ದ? ನಾ ಅವನನ್ನ ನೋಡೇ ಇಲ್ಲ. ಹೇಳು."

ರೇಣುಕಾ ದಾರದ ತುದಿಯನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದಳು. ಆಮೇಲೆ ಮಷಿನ್ನಿನ ಮೇಲೆ ಬಟ್ಟೆ ಹೊದಿಸಿ, ಬಂದು ನನ್ನ ಎದುರಿಗೆ ಕುಳಿತಳು.

"ಭಾಳ ಜೋರು ಗೊರಕಿ ಹೊಡೀತಿದ್ದರಿ" ಎಂದಳು.